ಒಂಬತ್ತನೇ ವಾರದ ತೂಕ

ತಮಿಳು ಸೀಮೆಯ ಕೊಳತ್ತೂರಿನಿಂದ ಮೇಚೇರಿ ಕಡೆ ಹೋಗುವ ಬಸ್ಸನ್ನು ನಡುದಾರಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ಸಿದ್ದಲಕ್ಷ್ಮಮ್ಮನ ಮನೆ ಸಿಗುತ್ತಿತ್ತು. ತೊಂಬತ್ತೇಳನೇ ಇಸವಿಯಲ್ಲಿ ಅವಳಿಗೆ ಮೂವತ್ತಾರು ವರ್ಷ. ಮನೆಯಲ್ಲಿ ಆಡುವುದು ಕನ್ನಡ, ಐದನೇ ಕ್ಲಾಸಿನವರೆಗೆ ಓದಿದ್ದು ತಮಿಳು. ಲೆಕ್ಕದಲ್ಲಿ ಮಾತ್ರ ಅವಳು ಯಾವತ್ತೂ ತಪ್ಪಿದವಳಲ್ಲ.

ಹಿಂದಿನ ವರ್ಷ ಜಯಪ್ರಿಯಾ ಎಂಬ ದನದ ಡಾಕ್ಟರು ಊರಿನ ಹೆಂಗಸರನ್ನು ಸೇರಿಸಿ ಮಾಂಸದ ಮೊಲ ಸಾಕುವುದನ್ನು ಕಲಿಸಿದ್ದಳು. ಹನ್ನೆರಡು ಜನ ಶುರು ಮಾಡಿದರು. ನಾಯಿ ಕಾಟ, ಇರುವೆ ಕಾಟ, ಕಿವಿ ಕಜ್ಜಿ ಎಂದು ಒಬ್ಬೊಬ್ಬರೇ ಕೈಬಿಟ್ಟರು. ಉಳಿದವರು ಇಬ್ಬರೇ, ಸಿದ್ದಲಕ್ಷ್ಮಮ್ಮ ಮತ್ತು ಪಕ್ಕದ ಬೀದಿಯ ರಾಜಾತಿ. ಅವರಲ್ಲೂ ಮರಿಗಳನ್ನು ವಾರಾವಾರ ತೂಗಿದವಳು ಸಿದ್ದಲಕ್ಷ್ಮಮ್ಮ ಒಬ್ಬಳೇ.

ಪ್ರತಿ ಶುಕ್ರವಾರ ಬೆಳಗ್ಗೆ ಸೊಪ್ಪು ಹಾಕುವುದಕ್ಕೆ ಮುಂಚೆ ತೂಗುತ್ತಿದ್ದಳು. ಮೊದಲು ಖಾಲಿ ಬಟ್ಟೆಚೀಲವನ್ನು ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ನೋಡುವುದು, ಆಮೇಲೆ ಒಂದೊಂದೇ ಮರಿಯನ್ನು ಚೀಲದೊಳಗಿಟ್ಟು, ಅದು ಒದೆಯುವುದನ್ನು ನಿಲ್ಲಿಸುವ ತನಕ ಉಸಿರು ಹಿಡಿದು ಕಾಯುವುದು. ಗುರುತಿಗೆ ಕಿವಿಯೊಳಗೆ ಶಾಯಿಯ ಚುಕ್ಕೆ ಇಡುತ್ತಿದ್ದಳು. ಯಾವ ಮರಿ ಎಷ್ಟು ಗ್ರಾಂ ಏರಿತು, ಆ ವಾರ ಎಳೆ ಸೊಪ್ಪು ಎಷ್ಟು, ಕಡಲೆಕಾಯಿ ಹಿಂಡಿ ಎಷ್ಟು, ಎಲ್ಲವೂ ನೋಟುಬುಕ್ಕಿನಲ್ಲಿರುತ್ತಿತ್ತು.

ತಮಿಳರ ಮಾಸಿ ತಿಂಗಳಲ್ಲಿ ಮೇಚೇರಿಯಲ್ಲಿ ಜಾನುವಾರು ಪ್ರದರ್ಶನ ಎಂದು ಗೊತ್ತಾಯಿತು. ಮೊಲಕ್ಕೂ ಸ್ಪರ್ಧೆಯಿತ್ತು. ಒಂದೇ ಸೂಲಿನ ಮೂರು ಮರಿ ತರಬೇಕು, ಎಪ್ಪತ್ತು ದಿನ ತುಂಬಿರಬೇಕು, ಯಾವುದೂ ಎರಡು ಕಿಲೋ ಮೀರಬಾರದು, ತೂಕದ ಪುಸ್ತಕ ಜೊತೆಯಲ್ಲಿರಬೇಕು. ಜಯಪ್ರಿಯಾ ಮನೆಗೇ ಬಂದು ಹೇಳಿದಳು: "ಅಕ್ಕಾ, ಹತ್ತು ಊರಿನ ಹೆಂಗಸರಿಗೆ ಇದನ್ನ ಕಲಿಸೋದಕ್ಕೆ ಇಲಾಖೆಯವರು ಒಬ್ಬರನ್ನ ಕೆಲಸಕ್ಕೆ ತಗೊಳ್ತಾರೆ. ನಾನು ನಿಮ್ಮ ಹೆಸರು ಹೇಳಿದೀನಿ. ಅವತ್ತು ದೊಡ್ಡ ಡಾಕ್ಟರು ನಿಮ್ಮ ಪುಸ್ತಕ ನೋಡ್ಲಿ, ಸಾಕು."

ಸಿದ್ದಲಕ್ಷ್ಮಮ್ಮ ಅವತ್ತಿನಿಂದ ಮನಸ್ಸಿನಲ್ಲೇ ಪಾಠ ಹೇಳತೊಡಗಿದಳು. ಸೊಪ್ಪು ಕೊಯ್ಯುವಾಗ ತುಟಿ ಅಲುಗುತ್ತಿತ್ತು.

ಒಂಬತ್ತನೇ ವಾರ ತೂಗಿದಾಗ ಒಂದು ಚುಕ್ಕೆಯದು 1,710, ಎರಡು ಚುಕ್ಕೆಯದು 1,730. ಮೂರು ಚುಕ್ಕೆಯದು 1,870. ಇದೇ ಓಟದಲ್ಲಿ ಅದು ಮುಂದಿನ ಶುಕ್ರವಾರಕ್ಕೆ ಎರಡು ಕಿಲೋ ದಾಟುವುದು ಖಂಡಿತ.

"ಇದ್ನ ಬಿಟ್ಬುಟ್ಟು ನಾಲ್ಕು ಚುಕ್ಕೆದು ತಗೊಂಡು ಓಗಾನ. ಅದು 1,690 ಐತೆ. ಮೂರೂ ಒಂದೇ ಸಮ ಕಾಣ್ತವೆ," ಎಂದಳು.

ಗಂಡ ಚಿನ್ನಪ್ಪ ಒಪ್ಪಲಿಲ್ಲ. ಆ ದಪ್ಪ ಮರಿಯನ್ನು ಅವನು ಟೀ ಅಂಗಡಿಗೆ ಎತ್ತಿಕೊಂಡು ಹೋಗಿ ಎಲ್ಲರಿಗೂ ತೋರಿಸಿದ್ದ. "ಇದೇ ಪ್ರೈಜು ಒಡೆಯೋದು ಅಂತ ಊರಿಗೆಲ್ಲ ಯೋಳಿದೀನಿ. ಈಗ ಬಿಟ್ಟುಬುಡು ಅಂತೀಯಲ್ಲ ಲೇ."

ಮಂಗಳವಾರ ಅವಳು ತಂಗಿಯ ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಕಂಬೈನಲ್ಲೂರಿಗೆ ಹೋಗಬೇಕಾಯಿತು. ಗುರುವಾರ ಸಂಜೆ ವಾಪಸು ಬಂದವಳು ಸೀದಾ ಗೂಡಿನ ಹತ್ತಿರ ಹೋದಳು. ಮೂರು ಚುಕ್ಕೆಯ ಮರಿ ಮೂಲೆಯಲ್ಲಿ ಕೂತಿತ್ತು. ಪಕ್ಕೆ ಒಳಗೆ ಹೋಗಿತ್ತು, ಕಣ್ಣು ಗುಳಿ ಬಿದ್ದಿತ್ತು. ನೀರಿನ ಬಟ್ಟಲು ಬೋರಲಾಗಿತ್ತು.

"ನೀರು ಕೊಟ್ಟಿಲ್ವಾ?"

"ಎರಡು ದಿನದಿಂದ ಏನೂ ಕೊಟ್ಟಿಲ್ಲ. ತೂಕ ಸರಿಗೆ ಬಂದೈತೆ. ನಾಳೆ ಅಲ್ಲಿ ತೂಗೋಗಂಟ ಬಟ್ಲು ಮುಟ್ಬೇಡ."

ಅವಳು ಬಟ್ಟಲಿಗೆ ಕೈಹಾಕಿದಳು. ಅವನು ಅದನ್ನು ಕಿತ್ತು ಬೇಲಿಯಾಚೆ ಎಸೆದ. ಅವನೊಡನೆ ಕೂಗಾಡುವ ತ್ರಾಣ ಎರಡು ಬಸ್ಸು ಬದಲಿಸಿ ಬಂದವಳಲ್ಲಿ ಇರಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು.

ಶುಕ್ರವಾರ ಮೇಚೇರಿಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ದೊಡ್ಡ ಡಾಕ್ಟರು ವಯಸ್ಸಾದವರು, ನಿಧಾನದವರು. ಮೇಜಿನ ಮೇಲೆ ನೋಟುಬುಕ್ಕು ತೆರೆದು ಬೆರಳಿಟ್ಟು ಓದಿದರು. ಚೀಲದ ತೂಕವನ್ನೂ ಕಳೆದಿರುವುದನ್ನು ಕಂಡು ತಲೆಯೆತ್ತಿ ತಮಿಳಿನಲ್ಲಿ, "ಯಾರಮ್ಮಾ ಬರೆದದ್ದು?" ಎಂದರು.

"ನಾನೇ ಸಾರ್."

"ಚೆನ್ನಾಗಿದೆ. ನಮ್ಮ ಹುಡುಗರೂ ಇಷ್ಟು ಶಿಸ್ತಾಗಿ ಬರೆಯೋಲ್ಲ."

ಜಯಪ್ರಿಯಾಳ ಮುಖ ಅರಳಿತು. ಸಿದ್ದಲಕ್ಷ್ಮಮ್ಮನಿಗೆ ಕಿವಿ ಬಿಸಿಯಾಯಿತು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳ ಕೆಲಸವನ್ನು ಯಾರೂ ನಾಲ್ಕು ಜನರ ಮುಂದೆ ಹೊಗಳಿರಲಿಲ್ಲ.

ಡಾಕ್ಟರು ಮೊದಲೆರಡು ಮರಿಗಳನ್ನು ತೂಗಿ ಬದಿಗಿಟ್ಟರು. ಮೂರನೆಯದು 1,965 ಬಂತು. ಬೆನ್ನ ಮೇಲೆ ಹೆಬ್ಬೆರಳು ಓಡಿಸಿ, ಚರ್ಮ ಹಿಂಡಿ ಬಿಟ್ಟರು. ನೀರು ಕಾಣದ ಚರ್ಮ ಹಾಗೇ ಎದ್ದು ನಿಂತಿತು.

"ಒಂದೇ ವಾರದಲ್ಲಿ ಇನ್ನೂರ ಇಪ್ಪತ್ತೈದು ಗ್ರಾಂ ಏರಿದ ಮರಿ ಹೀಗಿರೋಲ್ಲ," ಎಂದು ಪುಸ್ತಕವನ್ನು ಬೆಳಕಿಗೆ ಹಿಡಿದರು. ಒಂಬತ್ತನೇ ವಾರದ ಸಾಲಿನಲ್ಲಿ ಬ್ಲೇಡಿನಿಂದ ಕೆರೆದು ಕಾಗದ ತೆಳ್ಳಗಾಗಿತ್ತು. ಅವಳು ಬರೆದಿದ್ದ 1,870, ಈಗ 1,740 ಆಗಿತ್ತು; ಹಸಿವಿಗಿಟ್ಟು ತಗ್ಗಿಸಿದ ತೂಕವೂ ಒಳ್ಳೆ ಬೆಳವಣಿಗೆಯ ಹಾಗೆ ಕಾಣಲೆಂದು.

"ಇದನ್ನ ತಿದ್ದಿದ್ದು ಯಾರು?"

ಸಿದ್ದಲಕ್ಷ್ಮಮ್ಮ ಆ ಅಂಕಿಗಳನ್ನು ನೋಡಿದಳು. ನಾಲ್ಕರ ಕೊಂಡಿ ಗಂಡನ ಕೈಬರಹದ್ದು. ಬೆನ್ನ ಹಿಂದೆ ಚಿನ್ನಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ನಿಂತಿದ್ದ, ಅವನ ಪಕ್ಕದಲ್ಲಿ ಅವನ ಅಣ್ಣ ಮುತ್ತುಸ್ವಾಮಿ, ಟೀ ಅಂಗಡಿಯ ಮೂರು ಜನ. ಇವರ ಜೊತೆಯಲ್ಲೇ ಅವಳು ಬಸ್ಸು ಹತ್ತಿ ಮನೆಗೆ ಹೋಗಬೇಕು.

"ನಾನೇ ಸಾರ್," ಎಂದಳು.

ಡಾಕ್ಟರು ಪುಸ್ತಕ ಮುಚ್ಚಿದರು. ಮುಂದಿನ ಮೇಜಿಗೆ ಹೋದರು.

ಜಯಪ್ರಿಯಾ ಅವಳನ್ನು ಶಾಮಿಯಾನದ ಹಿಂದೆ ಕರೆದುಕೊಂಡು ಹೋಗಿ, "ಅಕ್ಕಾ, ನಿಜವಾಗಿ ನೀವಾ?" ಎಂದು ಕೇಳಿದಳು.

"ಊಂ. ಕಣ್ಣು ತಪ್ಪಿ ಬರೆದುಬುಟ್ಟೆ. ಆಮೇಲೆ ತಿದ್ದಿದೆ."

ಜಯಪ್ರಿಯಾ, "ಸರಿ ಅಕ್ಕಾ," ಎಂದು ಹೊರಟುಹೋದಳು.

ಬಸ್ಸಿನಲ್ಲಿ ಚಿನ್ನಪ್ಪ ಅವಳ ಮಡಿಲಿಗೆ ಒಂದು ಮೊಳ ಮಲ್ಲಿಗೆ ಹಾಕಿದ. "ಒಳ್ಳೆ ಮಾತು ಆಡ್ದೆ. ಇಲ್ದಿದ್ರೆ ನನ್ ಮರ್ಯಾದೆ ಓಗ್ತಿತ್ತು." ಅವಳು ಹೂವನ್ನು ಮುಟ್ಟಲಿಲ್ಲ. ಮೂರು ಚುಕ್ಕೆಯ ಮರಿ ಭಾನುವಾರ ಸತ್ತಿತು.

ತಿಂಗಳು ಕಳೆಯಿತು. ಕಲಿಸುವ ಕೆಲಸ ರಾಜಾತಿಗೆ ಸಿಕ್ಕಿತು. ಕೆಲಸಕ್ಕೆಂದು ಕೊಟ್ಟಿದ್ದ ಹೊಸ ತಕ್ಕಡಿ ಹಿಡಿದುಕೊಂಡು ಅವಳು ಸೀದಾ ಬಂದದ್ದು ಇವಳ ಮನೆಗೇ.

"ಅಕ್ಕಾ, ಮರಿ ಚೀಲದಾಗೆ ಒದ್ದಾಡ್ತದೆ, ಮುಳ್ಳು ನಿಲ್ಲೋದೇ ಇಲ್ಲ. ವಸಿ ಯೋಳ್ಕೊಡು."

ಸಿದ್ದಲಕ್ಷ್ಮಮ್ಮ ಹೇಳಿಕೊಟ್ಟಳು. ಚೀಲ ತಕ್ಕಡಿಗೆ ಸಿಕ್ಕಿಸುವ ಮುಂಚೆ ಮರಿಯ ಕಣ್ಣಿನ ಮೇಲೆ ಅಂಗೈ ಇಟ್ಟು ಶಾಂತ ಮಾಡುವುದು, ಹಿಂಗಾಲಿನ ಕೆಳಗೆ ಕೈ ಕೊಟ್ಟು ಎತ್ತುವುದು. ರಾಜಾತಿ ನೋಡುತ್ತಾ ಇದ್ದವಳು ಮೆಲ್ಲಗೆ ಅಂದಳು:

"ನೀನು ತಿದ್ದಿಲ್ಲ ಅಂತ ಡಾಕ್ಟ್ರಮ್ಮಂಗೆ ಅವತ್ತೇ ಗೊತ್ತಿತ್ತಂತೆ ಅಕ್ಕಾ. ದೊಡ್ಡ ಡಾಕ್ಟ್ರಿಗೂ ಗೊತ್ತಿತ್ತಂತೆ. ಅಂಕಿ ನೋಡಿದ್ರೆ ತಿಳಿಯಲ್ವಾ?"

"ಮತ್ತೆ?"

"ಗಂಡನಿಗೋಸ್ಕರ ಒಂದು ತೂಕದ ಸುಳ್ಳು ಯೋಳ್ದೋಳು ನಾಳೆ ಇನ್ನೊಬ್ಬರಿಗೋಸ್ಕರ ಇನ್ನೊಂದು ಸುಳ್ಳು ಬರೀತಾಳೆ ಅಂದ್ರಂತೆ ದೊಡ್ಡ ಡಾಕ್ಟ್ರು. ನೀನು ನಿಜ ಯೋಳಿದ್ರೆ ಪ್ರೈಜು ಓಗಿದ್ರೂ ಕೆಲಸ ನಿಂದೇ ಆಗ್ತಿತ್ತು."

ಸಿದ್ದಲಕ್ಷ್ಮಮ್ಮನ ಅಂಗೈಯಡಿಯಲ್ಲಿ ಮರಿ ಅಲ್ಲಾಡದೆ ಕೂತಿತ್ತು. ಅದನ್ನು ಗೂಡಿಗೆ ಬಿಟ್ಟು ಬಾಗಿಲು ಹಾಕಿದಳು. "ಸೊಪ್ಪು ಹಾಕೋಕೆ ಮುಂಚೆ ತೂಗ್ಬೇಕು, ಮರೀಬೇಡ," ಎಂದಳು.

ಅವತ್ತು ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದಳು: "ನೀವು ತಿದ್ದಿದ್ದು ಅಂತ ಅವರಿಗೆಲ್ಲ ಗೊತ್ತಿತ್ತಂತೆ."

ಚಿನ್ನಪ್ಪ ತುತ್ತು ನುಂಗಿದ. "ಗೊತ್ತಿದ್ರೇನು? ಯಾರಾನ ನನ್ನ ಕೇಳಿದ್ರಾ?"

ಮುಂದಿನ ಸಂತೆಗೆ ಅವಳು ಉಳಿದ ಮೊಲಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಒಬ್ಬಳೇ ಹೋದಳು. ವ್ಯಾಪಾರಿ ಮೊದಲನೆಯದನ್ನು ಕೈಯಲ್ಲೆತ್ತಿ ಅಂದಾಜು ಮಾಡಿ, "ಒಂದೂಮುಕ್ಕಾಲು ಕಿಲೋ," ಅಂದ.

"ಸುಳ್ಳು," ಎಂದಳು ಸಿದ್ದಲಕ್ಷ್ಮಮ್ಮ. ಧ್ವನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಕುರಿ ವ್ಯಾಪಾರದವರು ತಿರುಗಿ ನೋಡಿದರು. "ಎರಡು ಕಿಲೋ ನಲವತ್ತು ಗ್ರಾಂ. ತೂಗಿ ನೋಡು."

ಅವನು ತೂಗಿದ. ಎರಡು ಕಿಲೋ ನಲವತ್ತೇ ಇತ್ತು. "ಸರಿಯಮ್ಮಾ, ಇದಕ್ಯಾಕೆ ಇಷ್ಟು ಕೂಗ್ತೀಯ," ಎಂದು ಮೊಲವನ್ನು ತನ್ನ ಬುಟ್ಟಿಗೆ ಹಾಕಿಕೊಂಡು ಮುಂದಿನದಕ್ಕೆ ಕೈಚಾಚಿದ.