ಎಕ್ಸ್ ಒತ್ತಿದ ಫೋಟೋಗಳು

ಕಣ್ಣು ಮುಚ್ಚಿದೆ, ಎಕ್ಸ್, ಮುಂದಿನದು, ಪುರೋಹಿತರ ಬೆನ್ನು ಅರ್ಧ ಚಿತ್ರವನ್ನೇ ನುಂಗಿದೆ, ಎಕ್ಸ್, ಗಂಡಿನ ಸೋದರಮಾವ ಬಾಯಿ ತೆರೆದು ಆಕಳಿಸುತ್ತಿದ್ದಾರೆ, ಪಾಪ, ಬೆಳಗಿನ ಜಾವದ ಮುಹೂರ್ತ, ಎಕ್ಸ್ — ಶಿವಕುಮಾರಿಯ ಬೆರಳು ಈಗ ಅವಳನ್ನು ಕೇಳುವುದನ್ನೂ ಬಿಟ್ಟಿದೆ, ತಾನಾಗಿಯೇ ಓಡುತ್ತಿದೆ, ಒತ್ತಿದ ತಕ್ಷಣ ಫೋಟೋ ಮಂಕಾಗಿ ಮೂಲೆಯಲ್ಲಿ ಬೇಡವೆಂಬ ಕೆಂಪು ಗುರುತು ಬೀಳುತ್ತದೆ, ರೆಪ್ಪೆ ಮಿಟುಕಿಸುವಷ್ಟರಲ್ಲಿ ಇನ್ನೊಂದು ಹಾಜರು, ಕುಶಾಲ್ ಹೇಳಿದ್ದು ಸುಳ್ಳಲ್ಲ, ರಾಕೆಟ್ ಮೇಡಂ ಇದು, ಒಂದ್ಸಲ ಕೈ ಕೂತ್ರೆ ನೀವು ಬೇರೆದು ಮುಟ್ಟೋದೇ ಇಲ್ಲ, ಎಂದು ಕಂಪ್ಯೂಟರ್ ಅಂಗಡಿಯ ಕುಶಾಲ್ ಎರಡು ಸಿ.ಡಿ. ಕೊಟ್ಟು ಹೋಗಿದ್ದ, ಫೋಟೋ ಆರಿಸುವ ಎರಡು ಸಾಫ್ಟ್‌ವೇರ್, ಎರಡೂ ಒಂದು ತಿಂಗಳ ಮಟ್ಟಿಗೆ ಪುಕ್ಕಟೆ, ಆಮೇಲೆ ಒಂದನ್ನು ಕೊಳ್ಳಬೇಕು, ಆ ತಿಂಗಳು ಇವತ್ತಿಗೆ ಮುಗಿಯುತ್ತದೆ. ಇನ್ನೊಂದು ಬರೀ ಎತ್ತಿನಗಾಡಿ, ಪ್ರತಿ ಫೋಟೋವನ್ನೂ ಪೂರ್ತಿ ಬಿಚ್ಚಿ, ಸೀರೆಯ ಎಳೆ ಎಳೆ ಕಾಣುವವರೆಗೂ ಕಾಯಿಸಿ, ಅಷ್ಟು ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ, ಯಾರಿಗೆ ಬೇಕು ಅಷ್ಟು ಪುರುಸೊತ್ತು, ಮೂರು ಸಾವಿರ ಫೋಟೋ ಒಂದು ಮದುವೆಗೆ! ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು, ಪಂಚಾಕ್ಷರಯ್ಯನವರ ಸ್ಟುಡಿಯೋ ಎಂದರೆ ಗಾಂಧಿ ಬಜಾರಿನಲ್ಲಿ ಹೂವಿನವರೂ ದಾರಿ ತೋರಿಸುತ್ತಿದ್ದ ಕಾಲ, ಒತ್ತೋಕ್ ಮುಂಚೆ ನೋಡಮ್ಮ, ರೋಲಲ್ಲಿ ಇರೋದು ಮೂವತ್ತಾರೇ, ಒತ್ತಿದ್ಮೇಲೆ ನೋಡೋದು ಒಂದು ನೋಟಾನಾ — ಹೌದಪ್ಪ, ನಿಮಗೇನು, ಈಗ ಗಟ್ಟಿಮೇಳ ಶುರುವಾದರೆ ಬಟನ್ ಮೇಲಿಟ್ಟ ಬೆರಳು ಎತ್ತುವುದೇ ಇಲ್ಲ, ಟಕಟಕಟಕ, ಬಂದದ್ದೆಲ್ಲ ಬರಲಿ, ಮನೆಗೆ ಹೋಗಿ ಆರಿಸಿಕೊಂಡರಾಯಿತು, ಎಕ್ಸ್, ಎಕ್ಸ್, ಇದು ಇರಲಿ, ಮದುಮಗಳು ಅಕ್ಷಯಾ ಚೆನ್ನಾಗಿ ಬಂದಿದ್ದಾಳೆ, ಎಕ್ಸ್. ಅವಳೂ ಅವಳ ಅಮ್ಮ ಸುಂದರಮ್ಮನೂ ಇನ್ನೇನು ಬಂದುಬಿಡುತ್ತಾರೆ, ಆಲ್ಬಮ್ಮಿಗೆ ಫೋಟೋ ಆರಿಸಲು, ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲು ಸುಂದರಮ್ಮ ಹೇಳಿದ ಕೆಲಸ ಮುಗಿದಿರಬೇಕು.

ಫೋನಿನಲ್ಲಿ ಎಷ್ಟು ಮೆತ್ತಗೆ ಹೇಳಿದರು ಸುಂದರಮ್ಮ, ನೋಡಮ್ಮಾ ಶಿವಕುಮಾರಿ, ಧಾರೆ ಫೋಟೋಗಳಲ್ಲಿ ನಮ್ಮ ಸುಬ್ಬಕ್ಕ ಎಲ್ಲಾದ್ರೂ ಬಿದ್ದಿದ್ರೆ ತೆಗೆದ್ಬಿಡು, ನಂಗೇನೂ ಇಲ್ಲಪ್ಪ, ನಮ್ಮೆಜಮಾನ್ರ ಸ್ವಂತ ಅಕ್ಕ, ಆದ್ರೆ ಬೀಗರ ಕಡೆಯವ್ರು ಆಲ್ಬಮ್ ನೋಡ್ತಾರೆ, ಧಾರೆ ಹೊತ್ತಲ್ಲಿ ಗಂಡನ್ನ ಕಳ್ಕೊಂಡೋಳು ಎದುರಿಗೆ ನಿಂತಿದ್ಲು ಅಂತ ನಾಳೆ ಒಂದು ಮಾತು ಬರ್ಬಾರ್ದು, ಅದಕ್ಕೆ ಇವಳು, ಆಯ್ತಮ್ಮ, ಅಂದುಬಿಟ್ಟಳು, ಅನ್ನದೆ ಏನು ಮಾಡುವುದು, ಬಸವನಗುಡಿಯ ಅರ್ಧ ಮದುವೆಗಳು ಸುಂದರಮ್ಮನ ಒಂದು ಮಾತಿನಿಂದ ಈ ಮೆಟ್ಟಿಲು ಹತ್ತಿ ಬರುತ್ತವೆ. ಆದರೆ ಅದಕ್ಕೂ ಮೊದಲು ಛತ್ರದ ಕೋಣೆಯಲ್ಲಿ ಅಕ್ಷಯಾ ಇವಳ ಮೊಣಕೈ ಹಿಡಿದು ಕೇಳಿದ್ದಳಲ್ಲ, ಅಕ್ಕಾ, ಧಾರೆ ಹೊತ್ತಲ್ಲಿ ನಮ್ಮ ಸುಬ್ಬತ್ತೆ ಬರೋ ಹಾಗೆ ಒಂದೇ ಒಂದು ತೆಗೀರಿ, ಅಮ್ಮಂಗೆ ಹೇಳ್ಬೇಡಿ, ನನ್ನ ಬೆಳ್ಸಿದ್ದೇ ಅವ್ರು, ಅದಕ್ಕೂ ಇವಳು, ಆಗ್ಲಮ್ಮ, ಎಂದಿದ್ದಳು — ಅಮ್ಮನಿಗೂ ಹೂಂ, ಮಗಳಿಗೂ ಹೂಂ, ಎಂಥ ಹೆಂಗಸು ನೀನು, ನಾಚಿಕೆ ಆಗಬೇಕು. ಅಕ್ಷಯಾ ಆಗಲೇ ಗೌರಿ ಪೂಜೆಯ ತಟ್ಟೆಯಿಂದ ಒಂದು ಹಿಡಿ ಅಕ್ಷತೆ ತೆಗೆದು, ಬಾಗಿಲ ಸಂದಿಯಲ್ಲಿ ನಿಂತಿದ್ದ ಸುಬ್ಬತ್ತೆಯ ಅಂಗೈಗೆ ಒತ್ತಿ, ನೀವೂ ಹಾಕ್ಬೇಕು, ಎಂದಳು, ಆಕೆ ಬೇಡ ಬೇಡವೆಂದು ತಲೆಯಾಡಿಸುತ್ತಲೇ ಮುಷ್ಟಿ ಮುಚ್ಚಿಕೊಂಡರು, ಬಳೆಯಿಲ್ಲದ ಕೈ, ಆ ಕ್ಷಣದಲ್ಲಿ ಮಾತ್ರ ಶಿವಕುಮಾರಿ ಕ್ಯಾಮೆರಾ ಎತ್ತಲಿಲ್ಲ, ಎತ್ತುವುದಕ್ಕಾಗಲಿಲ್ಲ. ಎಕ್ಸ್, ಎಕ್ಸ್, ಓಲಗದವರ ಕೆನ್ನೆ ಉಬ್ಬಿದೆ, ಇದು ಇರಲಿ, ಚಿತ್ರದ ಅಂಚಿಗೆ ಯಾರದೋ ಕೈ ಬಂದಿದೆ, ಎಕ್ಸ್, ಮತ್ತೆ ಕೈ, ಎಕ್ಸ್, ಅಂತರಪಟ ಸರಿಯಿತು, ಜೀರಿಗೆ ಬೆಲ್ಲ, ಹುಡುಗ ನಗುತ್ತಿದ್ದಾನೆ, ಹುಡುಗಿ ಅವನನ್ನು ನೋಡುವುದು ಬಿಟ್ಟು ಅತ್ತ ಎಲ್ಲೋ ನೋಡುತ್ತಿದ್ದಾಳೆ, ಎಕ್ಸ್, ಇದರಲ್ಲೂ ಅತ್ತಲೇ, ಎಕ್ಸ್, ಎಕ್ಸ್, ಈಗ ಸರಿಯಾಗಿ ಅವನ ಮುಖಕ್ಕೇ ನೋಡಿದಳು, ಇದಪ್ಪ ಫೋಟೋ ಅಂದರೆ, ಇರಲಿ — ಮುಗಿಯಿತು.

ಮುಗಿಯಿತು, ಪರದೆಯ ನಡುವೆ ಒಂದು ಪುಟ್ಟ ಚೌಕ ಬಂದು ನಿಂತಿದೆ, ಗುರುತು ಹಾಕಿದವನ್ನೆಲ್ಲ ಡಿಸ್ಕಿನಿಂದಲೇ ಅಳಿಸಲೇ, ಯೆಸ್ ಅಥವಾ ನೋ, ಇದರಲ್ಲಿ ಯೋಚಿಸುವುದೇನಿದೆ, ಡಿಸ್ಕ್ ತುಂಬಿ ತುಳುಕುತ್ತಿದೆ, ನಾಳೆ ಬೆಳಿಗ್ಗೆ ಮಲ್ಲೇಶ್ವರದ ಉಪನಯನ ಬೇರೆ, ಜಾಗ ಬೇಕು, ಒತ್ತು, ಸುಬ್ಬತ್ತೆ ಯಾವುದರಲ್ಲೂ ಬೀಳಲೇ ಇಲ್ಲ, ಒಳ್ಳೆಯದೇ ಆಯಿತು, ಅಮ್ಮನಿಗೆ ಕೊಟ್ಟ ಮಾತೂ ಉಳಿಯಿತು, ಮಗಳಿಗೆ, ಸಿಗಲಿಲ್ಲ ಕಣಮ್ಮ, ತುಂಬಾ ಜನ ಇದ್ರಲ್ಲ, ಎಂದರೆ ಸಾಕು, ಸುಳ್ಳೂ ಅಲ್ಲ, ಒತ್ತು ಶಿವಕುಮಾರಿ, ಒತ್ತು — ಮೂರು ಸಾವಿರದಲ್ಲಿ ಒಂದರಲ್ಲೂ ಇಲ್ಲವೇ? ನೀನು ನೋಡಿದೆಯಾ? ಬೆರಳು ಓಡಿತು, ಸರಿ, ಕಣ್ಣು ಎಲ್ಲಿತ್ತು? ಅಂಚಿಗೆ ಬಂದ ಆ ಕೈ ಯಾರದು? ಮುಹೂರ್ತದ ಹೊತ್ತಿನಲ್ಲಿ ಹುಡುಗಿ ಗಂಡನನ್ನು ಬಿಟ್ಟು ಅಷ್ಟು ಹೊತ್ತು ನೋಡುವಂಥದ್ದು ಅತ್ತ ಏನಿತ್ತು? ಪುಟ್ಟ ಚೌಕವನ್ನು ಹಾಗೆಯೇ ಬಿಟ್ಟು ಎತ್ತಿನಗಾಡಿಯನ್ನು ತೆರೆದಳು, ಅದೇ ಧಾರೆಯ ಫೋಟೋಗಳು, ತಾನು ಎಕ್ಸ್ ಒತ್ತಿದ್ದವು, ಬಾರೋ ಮಾರಾಯ ಬೇಗ, ಪರದೆಯ ಮೇಲೆ ಪುಟ್ಟ ಮರಳು ಗಡಿಯಾರ ಉರುಳುತ್ತಿದೆ, ಕೆಳಗೆ ಆಟೋ ನಿಂತ ಸದ್ದು, ಮೀಟರ್ ಮೇಲೆ ಇನ್ಯಾಕಪ್ಪ ಕೇಳ್ತೀಯ, ಸುಂದರಮ್ಮನ ಗಂಟಲೇ, ಸಂಶಯವಿಲ್ಲ, ಪರದೆಯಲ್ಲಿ ಮೊದಲು ಬಣ್ಣಗಳು, ಆಮೇಲೆ ಅಂಚುಗಳು, ಆಮೇಲೆ ಜರಿ, ಗಾಳಿಯಲ್ಲಿ ನಿಂತ ಅಕ್ಷತೆ ಕಾಳು ಕಾಳಾಗಿ, ಛತ್ರದಲ್ಲಿರುವವರೆಲ್ಲ ಕೈ ಬಿಚ್ಚಿ ಎಸೆದಿದ್ದಾರೆ, ಅಕ್ಷಯಾಳ ಮುಖ ಅತ್ತ ತಿರುಗಿದೆ, ಅವಳ ನೋಟ ಹಿಡಿದು ಹೋದರೆ ಓಲಗದವರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಸುಬ್ಬತ್ತೆ. ರಾಕೆಟ್ಟಿನಲ್ಲಿ ಪುಟ್ಟದಾಗಿ ನೋಡಿದಾಗ ಬಾಗಿಲ ಕತ್ತಲಲ್ಲಿ ಕರಗಿಹೋಗಿದ್ದರು. ಎತ್ತಿದ ಕೈ, ಬಳೆಯಿಲ್ಲದ್ದು, ಮುಷ್ಟಿ ಬಿಗಿದಿದೆ. ಮುಂದಿನದರಲ್ಲೂ ಎತ್ತಿದ ಕೈ, ಬಿಗಿದ ಮುಷ್ಟಿ. ಅದರ ಮುಂದಿನದರಲ್ಲಿ ಕೈ ಅರ್ಧಕ್ಕೆ ಇಳಿದಿದೆ, ಮುಷ್ಟಿ ಬಿಚ್ಚಿಲ್ಲ. ಇವನ್ನೇ, ಇವಿಷ್ಟನ್ನೇ ತಾನು ಒಂದು ಉಸಿರಿನಲ್ಲಿ ಎಕ್ಸ್ ಎಕ್ಸ್ ಎಕ್ಸ್ ಎಂದದ್ದು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಎರಡು ಜೊತೆ, ಈಗ ಹೇಳು, ಯೆಸ್ ಒತ್ತಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬಾಗಿಲಲ್ಲಿ ನಿಂತವರು ಮತ್ತೆ ಕತ್ತಲಲ್ಲೇ ಹೋಗುತ್ತಾರೆ, ನೋ ಒತ್ತಿ ಇದನ್ನು ತೋರಿಸಿದರೆ ಸುಂದರಮ್ಮ ನಾಳೆಯಿಂದ ಈ ಮೆಟ್ಟಿಲು ಹತ್ತುವುದಿಲ್ಲ, ಅವರ ಹಿಂದೆ ಬರುವವರೂ ಹತ್ತುವುದಿಲ್ಲ, ನೋ ಒತ್ತಿದಳು, ಒತ್ತಿಯೇಬಿಟ್ಟಳು, ರಾಕೆಟ್ಟನ್ನೂ ಮುಚ್ಚಿದಳು, ಪರದೆಯ ತುಂಬ ಆ ಒಂದೇ ಫೋಟೋ ಉಳಿಯಿತು. ಏನಮ್ಮಾ, ಎಲ್ಲ ರೆಡಿನಾ, ಮೊದ್ಲು ಧಾರೆದು ತೋರ್ಸು, ಎನ್ನುತ್ತಲೇ ಸುಂದರಮ್ಮ ಬಂದು ಕುರ್ಚಿ ಎಳೆದುಕೊಂಡರು, ಕನ್ನಡಕ ಏರಿಸಿದರು, ಇದ್ಯಾಕೆ ಹೀಗಿದೆ, ಇವ್ಳು ಅತ್ಲಾಗ್ ಯಾಕೆ ನೋಡ್ತಿದಾಳೆ, ಎಂದರು, ಆಮೇಲೆ ಅತ್ತ ಏನಿದೆಯೆಂದು ಅವರಿಗೂ ಕಂಡಿತು. ಶಿವಕುಮಾರೀ, ನಾನೇನ್ ಹೇಳಿದ್ದೆ ನಿಂಗೆ, ಮುಂದಕ್ ಹೋಗು, ಹೋಗು ಅಂದ್ನಲ್ಲ — ಬೆರಳು ಕೀಲಿಮಣೆಯ ಮೇಲೇ ಇದೆ, ಹೋಗುತ್ತಿಲ್ಲ, ಹೋಗುವುದಿಲ್ಲ, ಅಕ್ಷಯಾ ಹಿಂದಿನಿಂದ ಬಾಗಿ ಬಂದಳು, ಹೊಸ ಕರಿಮಣಿ ಮೇಜಿನ ಅಂಚಿಗೆ ತಗುಲಿತು, ಪರದೆಗೆ ಮೂಗು ತಾಗುವಷ್ಟು ಹತ್ತಿರ, ಅಮ್ಮಾ, ಸುಬ್ಬತ್ತೆ ಹಾಕಿದ್ರು ಅಂದ್ಕೊಂಡಿದ್ದೆ ಕಣಮ್ಮ, ಹಾಕೇ ಇಲ್ಲ, ನೋಡು, ಹಾಗೇ ಹಿಡ್ಕೊಂಡಿದಾರೆ — ಗಾಳಿಯ ತುಂಬ ಅಕ್ಷತೆ, ಅದರಾಚೆ ಆ ಬಾಗಿಲು, ಬಾಗಿಲಲ್ಲಿ ಆ ಕೈ, ಬಿಗಿದ ಮುಷ್ಟಿ, ಬೆರಳ ಸಂದಿಯಲ್ಲಿ ಅರಿಶಿನದ ಕಾಳು, ಮುಷ್ಟಿ, ಬಿಗಿದದ್ದು, ಬಿಗಿದೇ ಇರುವುದು