ಅಜ್ಜಿಯ ಕೈಯಲ್ಲಿ ಸತ್ತವರು

ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಮಗಳು ಪುಟ್ಟಿಯ ಕೈಯಲ್ಲಿ. ಇಬ್ಬರೂ ಹಿತ್ತಿಲಲ್ಲಿ ಎದುರುಬದುರು ನಿಂತು ಹಿಂಡುತ್ತಿದ್ದರು. ನಿನ್ನೆ ಬೆಳಿಗ್ಗೆ ನೆನೆಸಿದ ಬಟ್ಟೆ. ಮಧ್ಯಾಹ್ನ ಅವಳ ಅಮ್ಮ ತೀರಿಕೊಂಡಳು. ಮನೆಯಲ್ಲಿ ಸಾವಾಗಿದೆ ಎಂದು ಬಕೆಟ್ಟಿನ ಬಟ್ಟೆ ಕಾಯುವುದಿಲ್ಲ, ವಾಸನೆ ಬರುತ್ತದೆ.

“ಅಮ್ಮಾ, ಒಂದು ಕೇಳ್ಲಾ?”

“ಗಟ್ಟಿಯಾಗಿ ತಿರುಗಿಸು. ಏನು ಕೇಳು.”

“ಅಜ್ಜಿ ಪುಸ್ತಕದಲ್ಲಿ ಇರ್ತಾರಲ್ಲ, ಅವರೆಲ್ಲ—”

ಬಾಗಿಲ ಗಂಟೆ ಹೊಡೆಯಿತು. ಪುಟ್ಟಿ ತುದಿ ಬಿಟ್ಟು ಓಡಿದಳು. ಹೊದಿಕೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಇನ್ನೊಮ್ಮೆ ತೊಳೆಯಬೇಕು. ಅವಳು ಅದನ್ನು ಬಕೆಟ್ಟಿಗೆ ತುರುಕಿ ಕೈ ಒರೆಸಿಕೊಂಡಳು.

ಬಾಗಿಲಲ್ಲಿ ಇಬ್ಬರು ಮುದುಕರು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಒಬ್ಬರು ಹಡಗಿನ ಮಾವ: ಅಮ್ಮನ ತಾಯಿಯ ಕಡೆಯವರು, ಅವರ ಹಿರಿಯರು ಹಡಗು ಹತ್ತಿ ಬಂದವರು. ಇನ್ನೊಬ್ಬರು ಗಡಿ ಮಾವ: ಅಮ್ಮನ ತಂದೆಯ ಕಡೆಯವರು, ಅವರ ಹಿರಿಯರು ಗಂಟುಮೂಟೆ ಹೊತ್ತು ಗಡಿ ದಾಟಿ ನಡೆದು ಬಂದವರು. ಅಮ್ಮನನ್ನು ಹೆತ್ತವರ ಮದುವೆಗೆ ಎರಡೂ ಕಡೆಯಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲವಂತೆ. ಆ ಮದುವೆಯಿಂದ ಹುಟ್ಟಿದ ಮಗಳು ಸತ್ತ ಮರುದಿನ ಎರಡೂ ಕಡೆಯವರು ಬೆಳಿಗ್ಗೆಯೇ ಬಂದಿದ್ದರು.

“ಪೇಪರಿನವರು ನನಗೆ ಫೋನ್ ಮಾಡಿದ್ರು,” ಎಂದರು ಹಡಗಿನ ಮಾವ ಚಪ್ಪಲಿ ಬಿಡುವ ಮೊದಲೇ. “ಪತ್ತೇದಾರಿ ಕಾದಂಬರಿಗಾರ್ತಿ ಮೂಲತಃ ಯಾವ ಕಡೆಯವರು ಅಂತ. ನಮ್ಮ ಹುಡುಗಿ ಅಂತ ಹೇಳಿದೀನಿ. ಆ ಮೂಗು ಯಾರದು ನೋಡಿ.”

“ಮೂಗು ನಿಮ್ಮದೇ ಇಟ್ಕೊಳ್ಳಿ,” ಎಂದರು ಗಡಿ ಮಾವ. “ಹಠ ನಮ್ಮದು. ಪುಸ್ತಕ ಯಾರೂ ಮೂಗಿಂದ ಬರೆಯಲ್ಲ.”

“ಮೊದಲು ಒಳಗೆ ಬನ್ನಿ ಇಬ್ಬರೂ,” ಎಂದಳು ಅವಳು.

ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಸುತ್ತ ಪಕ್ಕದ ಮನೆಯಿಂದ ತಂದ ಕುರ್ಚಿಗಳು. ಬರೆಯಲು ಕೂರುವ ಮೊದಲು ಅಮ್ಮ ಮಾಡದ ಕೆಲಸವಿಲ್ಲ. ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ್ದಳು, ಲಿಫ್ಟ್ ರಿಪೇರಿಯ ಕಚೇರಿಯಲ್ಲಿ ಫೋನ್ ಎತ್ತುತ್ತಿದ್ದಳು, ಸ್ವಲ್ಪ ಕಾಲ ಜನರಿಗೆ ಕಾರು ಓಡಿಸುವುದನ್ನೂ ಕಲಿಸಿದ್ದಳು. ಆ ಬದುಕುಗಳಿಂದ ಒಬ್ಬೊಬ್ಬರಾಗಿ ಬಂದು ಕುರ್ಚಿ ತುಂಬುತ್ತಿದ್ದರು.

“ನನ್ನನ್ನ ಎರಡನೇ ಪುಸ್ತಕದಲ್ಲೇ ಮುಗಿಸಿಬಿಟ್ರು,” ಲಿಫ್ಟ್ ಮೆಕ್ಯಾನಿಕ್ ಕಣ್ಣೊರೆಸಿಕೊಂಡ. “ಕೇಬಲ್ ಕತ್ತರಿಸಿದ್ರೆ ಲಿಫ್ಟು ಬೀಳಲ್ಲ ಅಕ್ಕಾ, ಬ್ರೇಕ್ ಹಿಡ್ಕೊಳ್ಳುತ್ತೆ ಅಂದೆ. ಹಾಗಾದ್ರೆ ನಿನ್ನನ್ನೇ ಗುಂಡಿಗೆ ತಳ್ತೀನಿ ಬಿಡು ಅಂದ್ರು. ತಳ್ಳೇಬಿಟ್ರು.”

“ನಿನ್ನದು ಒಂದೇ ಏಟಿಗೆ ಆಯ್ತಲ್ಲಪ್ಪ,” ಎಂದಳು ಲಾಂಡ್ರಿಯ ಹೆಂಗಸು. “ನನ್ನನ್ನ ಹಬೆಯಲ್ಲಿ ಬೇಯಿಸಿದಳು. ಎಷ್ಟು ಪುಟ ಗೊತ್ತಾ? ಸಾಯ್ತಾನೇ ಇದ್ದೆ, ಸಾಯ್ತಾನೇ ಇದ್ದೆ.” ದನಿಯಲ್ಲಿ ಹೆಮ್ಮೆಯಿತ್ತು.

“ನನಗೆ ನನ್ನ ಮನೆ ಚಹಾದಲ್ಲೇ ವಿಷ,” ಎಂದರು ಗಡಿ ಮಾವ.

“ನನ್ನನ್ನ ಸಮುದ್ರಕ್ಕೆ ನೂಕಿದಳು. ಈಜು ಬರುತ್ತಮ್ಮ ನನಗೆ ಅಂದ್ರೂ ಕೇಳಲಿಲ್ಲ,” ಹಡಗಿನ ಮಾವ ನಕ್ಕರು, ನಕ್ಕು ಮುಖ ಮುಚ್ಚಿಕೊಂಡರು. “ತನಗೆ ಬೇಕಾದವರನ್ನ ಮಾತ್ರ ಸಾಯಿಸ್ತಿದ್ದಳು ಕಣ್ರಿ.”

ಲಾಂಡ್ರಿಯ ಹೆಂಗಸು ಇವಳ ಕಡೆ ತಿರುಗಿದಳು. “ನಿನ್ನನ್ನ ಯಾವುದರಲ್ಲಿ ಸಾಯಿಸಿದಳು ಮಗಾ?”

“ನನ್ನನ್ನ ಹಾಕಿಲ್ಲ.”

“ಹೋಗೇ! ಸರಿಯಾಗಿ ಓದಿದೀಯಾ?”

“ಎಲ್ಲ ಪುಸ್ತಕದ ಪ್ರೂಫ್ ತಿದ್ದಿದ್ದೇ ನಾನು.”

ಪುಟ್ಟಿ ಅವಳ ಸೆರಗು ಎಳೆದಳು. “ಅಮ್ಮಾ, ನಾನು ಅದನ್ನೇ—”

“ಈಗಲ್ಲ ಪುಟ್ಟಿ. ಲೋಟ ತೆಗೆದಿಡು ಹೋಗು.”

ಒಲೆಯ ಮೇಲೆ ಒಂದು ಕಣ್ಣಿಟ್ಟು, ಪ್ರೂಫಿನ ಮೇಲೆ ಒಂದು ಕಣ್ಣಿಟ್ಟು, ಪ್ರತಿ ಪುಸ್ತಕದಲ್ಲೂ ಅವಳು ತನ್ನನ್ನು ಹುಡುಕಿದ್ದಳು. ಒಂದು ಗಿಡ್ಡ ಜಡೆ, ಹುಬ್ಬಿನ ಮೇಲಿನ ಗಾಯದ ಗುರುತು, ಏನಾದರೂ. ಬಾಗಿಲು ತೆರೆದು ಹೆಣ ನೋಡಿ ಕಿರುಚುವ ಕೆಲಸದವಳಾದರೂ ಆದೀತು. ಇರಲಿಲ್ಲ.

*

ಅವಳಿಗೆ ಆಗ ಪುಟ್ಟಿಯಷ್ಟೇ ವಯಸ್ಸು. ಶಾಲೆಯಿಂದ ಬಂದರೆ ಅಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ತಲೆ ಒಲೆಯ ಕಡೆಗೆ, ಎಡಗೈ ಮೇಜಿನ ಕೆಳಗೆ.

“ಬಾಗಿಲಲ್ಲೇ ನಿಂತ್ಕೋ,” ಎಂದಿತು ಹೆಣ. “ನೀನು ಪೊಲೀಸು. ನನ್ನ ಉಂಗುರ ಕಾಣುತ್ತಾ?”

“ಇಲ್ಲ.”

“ಭೇಷ್.”

ಅಮ್ಮ ಎದ್ದು, ಮರೆಯುವ ಮುನ್ನ ಗೀಚಿಕೊಳ್ಳಲು ಕಿಟಕಿಯ ಕಡೆ ತಿರುಗಿದಳು. ಅಷ್ಟರಲ್ಲಿ ಇವಳು ಅದೇ ಜಾಗದಲ್ಲಿ ಅಂಗಾತ ಬಿದ್ದು, ಕಣ್ಣು ಅಗಲಿಸಿ, ನಾಲಿಗೆ ಹೊರಗಿಟ್ಟಳು. ಅಮ್ಮನಿಗಿಂತ ಚೆನ್ನಾಗಿ ಸತ್ತು ತೋರಿಸಬೇಕೆಂದು ಉಸಿರು ಬಿಗಿಹಿಡಿದಳು.

ಅಮ್ಮ ತಿರುಗಿದಳು. ಪೆನ್ನು ಕೈಜಾರಿತು.

“ಏಳು! ಏಳು ಅಂದ್ನಲ್ಲ!”

ರಟ್ಟೆ ಹಿಡಿದು ಎಳೆದು ನಿಲ್ಲಿಸಿ ಕೆನ್ನೆಗೆ ಬಾರಿಸಿದಳು. ಅಮ್ಮ ಹೊಡೆದದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಳು, ಈ ಕಡೆ ತಿರುಗಲೇ ಇಲ್ಲ.

ಹೆಣವಾಗಲೂ ತಾನು ಲಾಯಕ್ಕಿಲ್ಲ ಎಂದುಕೊಂಡಿತ್ತು ಹುಡುಗಿ. ದೊಡ್ಡವಳಾದ ಮೇಲೆ ಒಂದು ಸಲ ಕೇಳಿಯೂ ಇದ್ದಳು, “ನನ್ನನ್ನ ಯಾವಾಗ ಹಾಕ್ತೀಯಮ್ಮ?”

“ಹಾಲು ಉಕ್ಕುತ್ತೆ, ನೋಡು ಹೋಗು,” ಎಂದಿದ್ದಳು ಅಮ್ಮ.

ಹಾಲು ಒಲೆಯ ಮೇಲೆ ಇರಲೇ ಇಲ್ಲ.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಸಂಜೆಯಾಗಿತ್ತು. ಸ್ಮಶಾನದಲ್ಲಿಯೂ ಮಾವಂದಿರು ಅಮ್ಮನ ಬಗ್ಗೆ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದ್ದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಕೆಮ್ಮುತ್ತಿದ್ದರು. ಅವಳನ್ನು ಯಾರೂ ಮಾತಾಡಲು ಕರೆಯಲಿಲ್ಲ. ಕರೆದಿದ್ದರೆ ಏನು ಹೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಪುಟ್ಟಿ ಬಂದು ನಿಂತಳು. “ಅಮ್ಮಾ, ಬೆಳಿಗ್ಗೆಯಿಂದ ಕೇಳ್ಬೇಕು ಅಂತ—”

ಫೋನ್ ಬಡಿದುಕೊಂಡಿತು. ಪುಟ್ಟಿ ಕಾಲು ಎಳೆಯುತ್ತ ಒಳಗೆ ಹೋದಳು.

“ಮೇಡಂ, ಪೇಪರಿನಿಂದ. ನಿಮ್ಮ ತಾಯಿ ಯಾವ ಕಡೆಯವರು ಅಂತ ಕೊನೆಗೂ ಗೊತ್ತಾಗಲಿಲ್ಲ.”

“ಎರಡೂ ಕಡೆಯವರು.”

“ಒಂದೇ ಸಾಲಿಗೆ ಜಾಗ ಇರೋದು.”

“ಹಾಗಾದ್ರೆ ಅಡುಗೆಮನೆ ಕಡೆಯವರು ಅಂತ ಹಾಕಿ. ನಾನು ಕಂಡಿದ್ದು ಅಷ್ಟೇ.” ಅವಳು ಫೋನ್ ಕುಕ್ಕಿದಳು. ಬಕೆಟ್ಟಿನ ಹೊದಿಕೆಯ ನೆನಪಾಯಿತು. ಗೊಣಗುತ್ತಲೇ ಹಿತ್ತಿಲಿಗೆ ಹೊರಟು ಅಡುಗೆಮನೆಯ ದೀಪ ಹಾಕಿದಳು.

ಪುಟ್ಟಿ ನೆಲದ ಮೇಲೆ ಬಿದ್ದಿದ್ದಳು. ತಲೆ ಒಲೆಯ ಕಡೆಗೆ, ಎಡಗೈ ಮೇಜಿನ ಕೆಳಗೆ. ಕಣ್ಣು ತೆರೆದಿತ್ತು, ಎದೆ ಆಡುತ್ತಿರಲಿಲ್ಲ.

“ಏಳು!”

ಕೂಗು ಯಾರದೆಂದು ಅವಳಿಗೇ ತಿಳಿಯಲಿಲ್ಲ. “ಏಳು ಅಂದ್ನಲ್ಲ!”

ರಟ್ಟೆ ಹಿಡಿದು ಎಳೆದು ನಿಲ್ಲಿಸಿದಳು. ಇನ್ನೊಂದು ಕೈ ಮೇಲೆದ್ದಿತ್ತು.

“ಆಟ ಕಣಮ್ಮಾ,” ಪುಟ್ಟಿ ಉಸಿರು ಬಿಟ್ಟಳು. “ಮಂಡಿ ನೋವು ಬರೋ ತನಕ ಅಜ್ಜಿ ಹೀಗೇ ಮಲಗ್ತಿದ್ಲಲ್ಲ.”

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ರಟ್ಟೆ ಹಿಡಿದ ಕೈಯನ್ನು ಸಡಿಲಿಸಲು ನೋಡಿದಳು; ಬೆರಳು ಬಿಡಲಿಲ್ಲ. ಪುಟ್ಟಿ ಆ ಬೆರಳುಗಳನ್ನು ನೋಡಿದಳು, ಆಮೇಲೆ ತಾಯಿಯ ಮುಖವನ್ನು.

“ಅಮ್ಮಾ, ಅಜ್ಜಿ ಅಷ್ಟೊಂದು ಜನರನ್ನ ಸಾಯಿಸಿದಾಳೆ. ನಿನ್ನನ್ನ ಮಾತ್ರ ಯಾಕೆ ಸಾಯಿಸಲಿಲ್ಲ?”