ಗಂಟೆಯ ಬುಡದ ತಂತಿ

ಸುಂಕದಕಟ್ಟೆಯ ಬಂಡೆಯ ಮೇಲಿರುವ ಗಂಟೆಯ ಕಥೆಯನ್ನು ಮೂರು ಬಗೆಯಾಗಿ ಕೇಳಿದ್ದೇನೆ. ಕಾಮಾಕ್ಷಿಪಾಳ್ಯದವರು ತಪ್ಪನ್ನು ಹೆಲಿಕಾಪ್ಟರ್ ಹಾರಿಸಿದವನ ಮೇಲೆ ಹೊರಿಸುತ್ತಾರೆ. ಊರಿನ ಹಿರಿಯರು, ಗುಡಿಯ ಅಮ್ಮನೇ ಪೂಜಾರಿ ಚಿಕ್ಕಣ್ಣನನ್ನು ಕರೆಸಿಕೊಂಡಳು ಎನ್ನುತ್ತಾರೆ. ಇಲ್ಲಿರುವುದು ಅವನ ಹೆಂಡತಿ ಮುನಿತಾಯಮ್ಮ ಹೇಳಿದ್ದು.

೧೯೫೮ರ ಮಾಘದಲ್ಲಿ, ಬಂಡೆಯ ನೆತ್ತಿಗೆ ಕಬ್ಬಿಣದ ಕಂಬಗಳನ್ನು ಸಾಗಿಸಲು ಹೆಲಿಕಾಪ್ಟರ್ ಬಂದಿತ್ತು. ಅಲ್ಲಿನ ಗುಡಿಗೆಂದು ಎರಕ ಹೊಯ್ಸಿದ್ದ ಕಂಚಿನ ಗಂಟೆ, ಹೊತ್ತೊಯ್ಯಲಾಗದೆ ಎರಡು ವರ್ಷದಿಂದ ಕೆಳಗೆ ಗಾಡಿಯ ಮೇಲೆಯೇ ಇತ್ತು. ಅದನ್ನೂ ಉಕ್ಕಿನ ಹಗ್ಗಕ್ಕೆ ತೂಗುಹಾಕಿ ಒಯ್ಯಲು ಕಂಬದ ಕೆಲಸದ ಇಂಜಿನಿಯರ್ ಸೇತುರಾಮ ಒಪ್ಪಿದರು. ಆದರೆ ಗಂಟೆ ನೆಲ ಸೋಕುವಂತಿರಲಿಲ್ಲ. ಪೂಜಾರಿ ಮನೆತನದವನು ಕೈಯೊಡ್ಡಿ ಮರದ ಪೀಠಕ್ಕೆ ಇಳಿಸಿಕೊಳ್ಳಬೇಕಿತ್ತು. ಆ ಸರದಿ ಚಿಕ್ಕಣ್ಣನದು.

“ಹಾರೋವಾಗ ಗಾಳಿ ಉಜ್ಜಿ ಗಂಟೇಲಿ ಕರೆಂಟು ತುಂಬ್ಕೊಳ್ಳುತ್ತೆ. ನೆಲ ಮುಟ್ಟಿದ್ಮೇಲೇ ಕೈ ಹಾಕ್ಬೇಕು,” ಎಂದರು ಸೇತುರಾಮ.

“ನೆಲ ಮುಟ್ಟಿದ್ರೆ ಅದು ಬರೀ ಕಂಚು ಸಾರ್. ಕರಗಿಸಿ ಬೋಸಿ ಮಾಡಿಸ್ಕೊಬೋದು,” ಎಂದ ಚಿಕ್ಕಣ್ಣ.

ಕೊನೆಗೆ ಇಬ್ಬರೂ ಒಂದು ದಾರಿಗೆ ಒಪ್ಪಿದರು. ಗಂಟೆಯ ಬುಡಕ್ಕೆ ಎರಡು ಮಾರು ತಾಮ್ರದ ತಂತಿ ಕಟ್ಟುವುದು. ಅದು ಮೊದಲು ಬಂಡೆಗೆ ತಾಗಿ ಕರೆಂಟು ಇಳಿದುಹೋದ ಮೇಲೆ ಚಿಕ್ಕಣ್ಣ ಗಂಟೆ ಹಿಡಿಯುವುದು. ಈ ಮಾತನ್ನು ಹೆಂಗಸರಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಚಿಕ್ಕಣ್ಣ ಬಂಡೆ ಹತ್ತಿದ ಮೇಲೆ ಮುನಿತಾಯಮ್ಮ ಅರಿಶಿನದ ನೀರು ತಂದು ಗಂಟೆ ತೊಳೆದಳು. ತಂತಿಯ ತುದಿ ಮಣ್ಣಿನಲ್ಲಿ ಬಿದ್ದಿತ್ತು. ಅದು ನೆಲ ಸೋಕಿದರೆ ಗಂಟೆಯೇ ಸೋಕಿದಂತೆ, ಗಂಡನ ಕೈಗೆ ಮೈಲಿಗೆ ಬರಬಾರದು ಎಂದುಕೊಂಡಳು. ತಂತಿಯನ್ನು ತೊಳೆದು, ಸಿಂಬಿಯಂತೆ ಸುತ್ತಿ, ಸೇವಂತಿಗೆ ಹಾರದೊಳಗೆ ಗಂಟು ಹಾಕಿದಳು.

“ಎಷ್ಟು ಅಚ್ಚುಕಟ್ಟು ಕಣೇ ನೀನು,” ಎಂದಳು ಪಕ್ಕದ ಮನೆಯ ಬೋರಮ್ಮ.

ಗಂಟೆ ಮೇಲೇರಿತು. ರೆಕ್ಕೆಯ ಗಾಳಿಗೆ ನೆತ್ತಿಯ ಮೇಲೆ ಎದೆಮಟ್ಟ ಧೂಳೆದ್ದಿತು. ತಂತಿ ಆಗಲೇ ತಾಗಿರಬೇಕೆಂದು ಚಿಕ್ಕಣ್ಣ ಎರಡೂ ಕೈ ಎತ್ತಿದ. ಬೆರಳ ತುದಿಯಲ್ಲಿ ನೀಲಿ ಕಿಡಿ ಹಾರಿದ್ದು ಕೆಳಗೂ ಕಂಡಿತು. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಬೆನ್ನ ಹಿಂದೆ ಒಂದೇ ಹೆಜ್ಜೆಯಷ್ಟು ಬಂಡೆಯಿತ್ತು.

“ತಂತಿ ಎಲ್ಲಿ ಹೋಯ್ತು?” ಎಂದು ಸೇತುರಾಮ ಎಲ್ಲರನ್ನೂ ಕೇಳಿದರು. ಮುನಿತಾಯಮ್ಮನಿಗೆ ಅರ್ಥವಾದದ್ದು ಆಗ.

ಗಂಟೆಯನ್ನು ಮರುದಿನ ಚಿಕ್ಕಣ್ಣನ ತಮ್ಮ ತೂಗುಹಾಕಿದ. ಅದು ಪೀಠದ ಮೇಲೇ ಇಳಿದಿತ್ತು, ನೆಲ ಸೋಕಿರಲಿಲ್ಲ.

ಇದನ್ನು ಬರೆದುಕೊಳ್ಳಬಹುದೇ ಎಂದು ಚಿಕ್ಕಣ್ಣ ಹೋದ ಮರುವರ್ಷ ಆಕೆಯನ್ನೇ ಕೇಳಿದೆ.

“ಬರ್ಕೊಳ್ಳಿ. ಅಮ್ಮ ಕರೆಸ್ಕೊಂಡ್ಲು ಅಂತ ಅವ್ರು ಅಂದಾಗೆಲ್ಲ ನಾನೂ ಹೂಂ ಅಂದಿದೀನಿ. ಗಂಟು ಹಾಕಿದ್ದು ಈ ಕೈ. ಬೋರಮ್ಮಂಗೂ ಗೊತ್ತು. ಅವತ್ತಿಂದ ನಮ್ಮನೇಗೆ ಬಂದಿಲ್ಲ.”

ಮೇಲೆ ಮಂಗಳವಾರದ ಪೂಜೆಯ ಗಂಟೆ ಹೊಡೆಯತೊಡಗಿತು. ಅದು ನಿಲ್ಲುವವರೆಗೂ ಆಕೆ ಸೆರಗಿನ ತುದಿಯನ್ನು ಗಂಟು ಹಾಕಿ ಹಿಡಿದಿದ್ದಳು. ನಿಂತ ಮೇಲೆ ಬಿಚ್ಚಿದಳು.